ಮೂರು ದಿನ ಬಿಚ್ಚಬಾರದ ಪಟ್ಟಿ

ಹೊಲಿಗೆ ಅಂಗಡಿಯಿಂದ,
ಹನ್ನೊಂದನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಆ ಲ್ಯಾಬಿನ ತಂತಿಗಳ ನಡುವೆ ಹೊಟ್ಟೆ ಒಣಗಿಸಿಕೊಂಡು ಕೂತಿರುತ್ತೀಯೋ? ನಾನಂತೂ ಗುಂಡುಕಲ್ಲಿನ ಹಾಗಿದ್ದೇನೆ. ಈ ಮಾತನ್ನು ಎರಡು ಸಲ ಓದು, ಯಾಕೆಂದರೆ ನೀವೆಲ್ಲ ಸೇರಿ ಬೇರೇನೋ ತೀರ್ಮಾನ ಮಾಡಿದ ಹಾಗಿದೆ. ಫೋನಿನಲ್ಲಿ ಕೇಳಿದರೆ ನೀನು ಮಾತು ಮರೆಸುತ್ತೀ, ಅದಕ್ಕೇ ಕಾಗದ.

ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದ ನಿಮ್ಮಪ್ಪ ಒಂದು ವಾರದಿಂದ ದಿನಾ ಸಂಜೆ ಆಫೀಸಿನಿಂದ ನೆಟ್ಟಗೆ ಅಂಗಡಿಗೇ ಬರುತ್ತಾನೆ. ಬಂದು, ನಾನು ಮಷೀನು ತುಳಿಯುವುದನ್ನು ಮಿಕಮಿಕ ನೋಡುತ್ತಾ ಕೂರುತ್ತಾನೆ. ಮೊನ್ನೆ ಮೇಲಿನ ಕಪಾಟಿನಿಂದ ಲೈನಿಂಗ್ ಬಟ್ಟೆ ತೆಗೆಯಲು ಸ್ಟೂಲು ಹತ್ತಿದ್ದೇ ತಡ, "ಇಳಿಯಮ್ಮಾ ಮೊದ್ಲು!" ಎಂದು ಅರಚಿ, ಆ ಸ್ಟೂಲನ್ನೇ ತನ್ನ ಮನೆಗೆ ಹೊತ್ತುಕೊಂಡು ಹೋದ. ಎದುರಿನ ಔಷಧಿ ಅಂಗಡಿಯವಳು ಗುಂಡಿ ಹಾಕಿಸಲು ಬಂದು, "ಸುಸ್ತಾಗುತ್ತಾ ಆಂಟಿ? ಉಸಿರು ಕಟ್ಟುತ್ತಾ?" ಎಂದು ವಿಚಾರಿಸುತ್ತಾಳೆ. ಅವಳ ಕಿವಿ ಊದಿದವರು ಯಾರು? ನಿನ್ನೆ ನಿಮ್ಮಪ್ಪ ಮೆಟ್ಟಿಲ ಬಳಿ ನಿಂತು "ಅಜ್ಜಿಗೆ ಈಗ್ಲೇ ಬೇಡ. ತಾತಂಗಂತೂ ಹೇಳ್ಲೇಬೇಡ, ಹೆದರ್ತಾರೆ" ಎಂದು ನಿನಗೆ ಫೋನಿನಲ್ಲಿ ಪಿಸುಗುಟ್ಟಿದ್ದನ್ನೂ ಕೇಳಿಸಿಕೊಂಡೆ. ನನ್ನ ಕಣ್ಣು ಮಂಜಾಗಿರಬಹುದು, ಕಿವಿ ಇನ್ನೂ ಚುರುಕಾಗಿದೆ. ನೀನೇನು ಕಮ್ಮಿಯೇ? "ಗುರುವಾರ ಹೃದಯದ ಡಾಕ್ಟ್ರ ಹತ್ರ ಸುಮ್ನೆ ಹೋಗ್ಬಾ ಅಜ್ಜಿ" ಎನ್ನುತ್ತೀ. ಅಲ್ಲಿಗೆ ಸುಮ್ಮನೆ ಯಾರಾದರೂ ಹೋಗುತ್ತಾರೇನೇ?

ಇದೆಲ್ಲದರ ಬೇರು ನಿನ್ನ ಓದಿನಲ್ಲೇ ಇದೆ ಎಂದು ನನಗೆ ಗುಮಾನಿ. ಡಾಕ್ಟರಾಗು ಎಂದರೆ ಯಂತ್ರ ಬೇಕು ಎಂದೆ, ಎಂಜಿನಿಯರಾಗು ಎಂದರೆ ರೋಗಿಗಳನ್ನು ಬಿಡಲಾರೆ ಎಂದೆ. ಕೊನೆಗೆ ಎರಡನ್ನೂ ಜೋಡಿಸಿ ಹೊಲಿದ ಡಿಗ್ರಿ ಒಂದನ್ನು ಹುಡುಕಿಕೊಂಡೆ. ಪ್ರಯೋಗಕ್ಕೆ ಸಿಕ್ಕಿದವಳು ಈ ಅಜ್ಜಿ. ಕಳೆದ ತಿಂಗಳು ರಜೆಗೆ ಬಂದಾಗ ನೀನೇ ಬೆಸುಗೆ ಹಾಕಿ ಮಾಡಿದ ಆ ನಾಡಿ ಎಣಿಸುವ ಡಬ್ಬಿಗೆ ನಾನೇ ಪಟ್ಟಿ ಹೊಲಿದುಕೊಟ್ಟೆನಲ್ಲ! "ಮೂರು ದಿನ ಬಿಚ್ಲೇಬಾರ್ದು ಅಜ್ಜಿ, ಆಮೇಲೆ ಅಪ್ಪನ ಕೈಲಿ ಕಳ್ಸು" ಎಂದು ನನ್ನ ಮಣಿಕಟ್ಟಿಗೆ ಕಟ್ಟಿ ಬಸ್ಸು ಹತ್ತಿದೆ. ಅದರಲ್ಲಿ ಏನೋ ಕಂಡಿದೆ, ಅದನ್ನೇ ನೆಪ ಮಾಡಿಕೊಂಡು ಅಂಗಡಿ ಮುಚ್ಚಿಸಿ ನನ್ನನ್ನು ಮೂಲೆಗೆ ಕೂರಿಸುವ ಹುನ್ನಾರ ನಡೆದಿದೆ. ಮೂವತ್ತೆರಡು ವರ್ಷ ತುಳಿದ ಮಷೀನು ಪುಟ್ಟೀ. ಅದನ್ನು ಬಿಡಿಸಿದರೆ ನಾನು ನಿಜವಾಗಿಯೂ ಹಾಸಿಗೆ ಹಿಡಿಯುತ್ತೇನೆ.

ಆದರೆ ನಿಮ್ಮ ಆಟ ಠುಸ್ ಆಯಿತು ಕಣೇ! ನೀನು ಹೊರಟ ಅರ್ಧ ಗಂಟೆಯಲ್ಲೇ ಆ ಡಬ್ಬಿ ಬಟ್ಟೆಗೆ ಸಿಕ್ಕಿಕೊಂಡು ಗಿರಾಕಿಯ ಅಂಗಿಯ ತೋಳು ಹರಿಯಿತು. ಬಿಚ್ಚಿ, ಪೇಪರು ಓದುತ್ತಾ ಕೂತಿದ್ದ ನಿನ್ನ ತಾತನ ಕೈಗೆ ಕಟ್ಟಿಬಿಟ್ಟೆ. "ನಂಗ್ಯಾಕೇ ಈ ಬೇಡಿ?" ಎಂದರು. ಮೊಮ್ಮಗಳು ಬೇಜಾರು ಮಾಡಿಕೊಳ್ಳುತ್ತಾಳೆ, ಯಾರಿಗೂ ಬಾಯಿ ಬಿಡಬೇಡಿ ಎಂದೆ. ಮೂರೂ ದಿನ ಅವರ ಕೈಯಲ್ಲೇ ಇತ್ತು. ನೀನು ರಾತ್ರಿ ಹಗಲು ಕೂತು ಓದಿದ್ದು ನನ್ನ ನಾಡಿಯನ್ನಲ್ಲ! ಗುರುವಾರ ನಾನೆಲ್ಲಿಗೂ ಹೋಗುವುದಿಲ್ಲ. ಸ್ಟೂಲು ವಾಪಸ್ಸು ತಂದಿಡಲು ನಿಮ್ಮಪ್ಪನಿಗೆ ಹೇಳು.

ಚೆನ್ನಾಗಿ ಓದು, ತಲೆಗೆ ಎಣ್ಣೆ ಹಚ್ಚಿಕೋ, ನೂರು ಕಾಲ ನಗುನಗುತ್ತಾ ಬಾಳು.

ಯಾರ ಕೈಗೂ ಸಿಗದ
ನಿನ್ನ ಅಜ್ಜಿ

ತಾ.ಕ.: ಮಡಚುವ ಮುಂಚೆ ಒಮ್ಮೆ ಓದಿದೆ. ನಗು ಅಲ್ಲೇ ನಿಂತುಹೋಯಿತು. ನನ್ನದಲ್ಲ ಎಂದರೆ ಅದು ಅವರದು. ಅಯ್ಯೋ, ನಾನೆಂಥ ದಡ್ಡಿ! ನಿನಗೆ ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಈ ಹಾಳೆಗಳ ಫೋಟೋ ಕಳಿಸುತ್ತಿದ್ದೇನೆ. ನೋಡಿದ ತಕ್ಷಣ ಡಾಕ್ಟರಿಗೆ ಹೇಳು, ನೀನು ಬರೆಸಿದ ಚೀಟಿಯಲ್ಲಿ ನನ್ನ ಹೆಸರಿದ್ದರೂ ನೋಡಬೇಕಾದದ್ದು ತಾತನನ್ನು ಎಂದು. ಗುರುವಾರದವರೆಗೆ ನಾನು ಕಾಯಲಾರೆ. ಆಸ್ಪತ್ರೆ ಎಂದರೆ ಇವರು ಜಪ್ಪಯ್ಯ ಎಂದರೂ ಹೊರಡುವುದಿಲ್ಲ, ಅದಕ್ಕೇ ನನಗೆ ಎದೆನೋವು ಎಂದು ಸುಳ್ಳು ಹೇಳಿದೆ. ಬಾಗಿಲಲ್ಲಿ ನಿಂತೇ ಬರೆಯುತ್ತಿದ್ದೇನೆ. ಪೇಪರು ಬಿಸಾಕಿ, ಚಪ್ಪಲಿಯನ್ನೂ ಮೆಟ್ಟದೆ, ಗಾಡಿ ಹಿಡಿಯಲು ರಸ್ತೆಯ ತುದಿಗೆ ಓಡುತ್ತಿದ್ದಾರೆ. ಓಡಬೇಡಿ ಎಂದು ಹೇಗೆ ಕೂಗಲೇ, ಪುಟ್ಟೀ?