ನಾಲೆ ಏರಿಯ ಮೇಲೆ ಕರಿ ಹುರುಳಿ

ಜನವರಿ 5, ಭಾನುವಾರ

ಯಾರದು ಈ ಪುಸ್ತಕ ತೆಗೆದದ್ದು? ಅಕ್ಕಿ ಡಬ್ಬದ ಹಿಂದೆ ಇಟ್ಟದ್ದನ್ನು ಹುಡುಕಿ ಓದುವಷ್ಟು ಬಿಡುವಿದ್ದರೆ ಹೋಗಿ ಕೊಟ್ಟಿಗೆ ಗುಡಿಸು. ಲೇ ಕವನ, ನೀನೇ ಅಂತ ಗೊತ್ತು. ಮಗಳ ಮಗಳು, ಕಾಲೇಜಿಗೆ ಹತ್ತಿರ ಅಂತ ನನ್ನ ಮನೆಯಲ್ಲಿದ್ದೀಯ, ಇರು. ಅಜ್ಜಿ ಓದಿದ್ದು ಬರೀ ಮೂರನೇ ಕ್ಲಾಸು ಅಂತ ನಗಬೇಡ. ಮೂರನೇ ಕ್ಲಾಸಿನವಳಿಗೂ ಗುಟ್ಟು ಇರುತ್ತೆ. ಮುಚ್ಚಿಡು.

ಇವತ್ತೂ ಸೈಕಲ್‌ನವರು ಬಂದರು. ಹನ್ನೊಂದು ಜನ. ತಲೆ ಮೇಲೆ ಬೋಗುಣಿ ಕವುಚಿದಂಥ ಟೋಪಿ, ಬಿಗಿ ಚಡ್ಡಿ. ಮೈಸೂರಿನವರಂತೆ. ನಂಜನಗೂಡಿನಲ್ಲಿ ಕಾರು ನಿಲ್ಲಿಸಿ, ನಾಲೆ ಏರಿ ಹಿಡಿದು ನಮ್ಮೂರ ಮೇಲೆ ಟಿ. ನರಸೀಪುರ, ಸೋಸಲೆ, ಆಮೇಲೆ ತಲಕಾಡು. ಇವರಿಗೆ ಬಸ್ಸಿಲ್ಲವೇ ಅಂದೆ. ಬಸ್ಸಿಲ್ಲದ ದಾರಿ ಬೇಕು ಅಂತಲೇ ಬರುವುದು ಅಜ್ಜಿ ಅಂದಳು ಕವನ. ನಾಲೆ ಏರಿ ಮೇಲೆ ಜಲ್ಲಿಮಣ್ಣು ಬಿಟ್ಟರೆ ಏನಿದೆ? ಲಾರಿ ಇಲ್ಲ, ಆಟೋ ಇಲ್ಲ. ಹತ್ತುವುದಿಲ್ಲ, ಇಳಿಯುವುದಿಲ್ಲ. ಚೆಲ್ಲಿದ ಹಾಲು ಎತ್ತ ಹರಿಯಲಿ ಅಂತ ತಾನೇ ಯೋಚಿಸಬೇಕು, ಅಂಥ ಸಪಾಟು ಸೀಮೆ. ಅದನ್ನು ನೋಡಲು ಅಷ್ಟು ದೂರದಿಂದ...

ಅವರ ಚಕ್ರ ನೋಡುತ್ತಾ ಒಂದು ಯೋಚನೆ ಬಂತು. ಆಮೇಲೆ ಬರೆಯುತ್ತೇನೆ. ಹಸು ಕೂಗುತ್ತಿದೆ.

ಜನವರಿ 11, ಶನಿವಾರ

ಹುರುಳಿ ಕಿತ್ತಾಯಿತು. ನನ್ನದು ಕರಿ ಹುರುಳಿ, ತಗಡೂರಿನ ತವರಿನಿಂದ ತಂದ ಬಿತ್ತನೆ. ಪಕ್ಕದ ಮನೆ ಪುಟ್ಟಬಸಮ್ಮನದು ಕೆಂಪು. ಗಿಡ ಒಣಗಿದರೆ ಎರಡೂ ಒಂದೇ ಥರ. ಕಾಳು ಕಂಡರೆ ಮಾತ್ರ ಗೊತ್ತಾಗುವುದು.

ಪ್ರತಿ ವರ್ಷ ಡಾಂಬರು ರಸ್ತೆಗೆ ಹರವುತ್ತಿದ್ದೆವು. ಬಸ್ಸು ಲಾರಿ ಹತ್ತಿ ಹತ್ತಿ ತಾನಾಗಿ ಒಕ್ಕಣೆ ಆಗುತ್ತಿತ್ತು. ಈ ಸಲ ಪೊಲೀಸಿನವರು ಬೇಡ ಅಂದರು. ಹೋದ ವರ್ಷ ಬೈಕಿನವನೊಬ್ಬ ಜಾರಿದನಂತೆ. ಸರಿ, ನಾಲೆ ಏರಿ ಇದೆಯಲ್ಲ. ಹನ್ನೊಂದು ಸೈಕಲ್, ಇಪ್ಪತ್ತೆರಡು ಚಕ್ರ. ಒಂದು ಲಾರಿಗೆ ಸಮ ಬಾರದಿದ್ದರೂ ಎತ್ತಿನ ಗಾಡಿಗೆ ಬಂದೀತು.

ಪುಟ್ಟಬಸಮ್ಮನಿಗೂ ಹೇಳಿದೆ. ಒಂದರ ತುದಿಗೆ ಒಂದು ಹರವಿದೆವು. ನಡುವೆ ಗುರುತಿಗೆ ಬೇವಿನ ಕಡ್ಡಿ ಅಡ್ಡ ಇಟ್ಟೆವು. ಆಚೆ ಅವಳದು, ಈಚೆ ನನ್ನದು. ನಾಲೆಗೆ ನೀರು ಬಿಡುವ ಶಿವಸ್ವಾಮಿ ಈಗ ಈ ಕಡೆ ತಲೆ ಹಾಕುವುದಿಲ್ಲ, ನೀರು ನಿಲ್ಲಿಸಿದ್ದಾರೆ.

ಜನವರಿ 12, ಭಾನುವಾರ

ಹಾಳಾದವರು. ಒಬ್ಬರೂ ಹುರುಳಿ ಮೇಲೆ ಹತ್ತಲಿಲ್ಲ. ಅಂಚಿನಲ್ಲಿ ಒಂದು ಮೊಳ ಜಾಗ ಬಿಟ್ಟಿದ್ದೆವು, ಅದರಲ್ಲೇ ಇರುವೆ ಸಾಲಿನಂತೆ ಹೋದರು. ಕೊನೆಯವಳು ಇಳಿದು ನಿಂತಳು. ನಲವತ್ತಿರಬಹುದು. ಹೆಸರು ನಯನ, ಸ್ಕೂಲಿನಲ್ಲಿ ಪಾಠ ಹೇಳುತ್ತಾಳಂತೆ. ಏನು ಬೆಳೆ ಅಂತ ಕೇಳಿದಳು. ಹೇಳಿದೆ. ಮೇಲೆ ಹತ್ತಿಸಿಕೊಂಡು ಹೋಗವ್ವ, ಒಕ್ಕಣೆ ಆಗಲಿ ಅಂದೆ. ನಾಲಿಗೆ ಕಚ್ಚಿಕೊಂಡಳು.

"ತಿನ್ನೋ ಪದಾರ್ಥ ಅಜ್ಜಿ. ಚಕ್ರ ಹತ್ತಿಸೋಕೆ ಮನಸ್ಸು ಬರಲ್ಲ."

"ಇಷ್ಟು ದಿನ ನೀನು ತಿಂದಿರಾದೆಲ್ಲ ಲಾರಿ ಅತ್ತಿದ್ದೇ ಕಣವ್ವ" ಅಂದೆ.

ನಕ್ಕಳು. ಬಾಟಲಿಗೆ ಮಜ್ಜಿಗೆ ಹಾಕಿಸಿಕೊಂಡಳು. ಸೈಕಲ್ ತಳ್ಳಿಕೊಂಡು ಅಂಚಿನಲ್ಲೇ ದಾಟಿದಳು.

ಅಂಚಿನಲ್ಲಂತೆ. ಮುಂದಿನ ವಾರ ಅಂಚು ಎಲ್ಲಿರುತ್ತೆ ನೋಡುತ್ತೇನೆ.

ಜನವರಿ 19, ಭಾನುವಾರ

ಇವತ್ತು ಬರೆಯುವುದಿಲ್ಲ.

ಜನವರಿ 22, ಬುಧವಾರ

ಬರೆಯದಿದ್ದರೆ ಅನ್ನ ಇಳಿಯುವುದಿಲ್ಲ. ಕವನ, ಇಲ್ಲಿಂದ ಮುಂದೆ ಓದಿದರೆ ಕೈ ಮುರಿಯುತ್ತೇನೆ... ಬೇಡ. ಇನ್ನು ಮೇಲೆ ಯಾರ ಕೈ ಮುರಿಯುವ ಮಾತೂ ನಾನು ಆಡಬಾರದು.

ಭಾನುವಾರ ಬೆಳಕು ಹರಿಯುತ್ತಲೇ ಹೋಗಿ ನನ್ನ ಹುರುಳಿಯನ್ನು ಏರಿಯ ಅಂಚಿನವರೆಗೂ ಎಳೆದು ಹರವಿದೆ. ಅಂಚು ಇಳಿಜಾರು, ಗಿಡ ಜಾರಿ ನಾಲೆಗೆ ಬೀಳುತ್ತಿತ್ತು. ತಡೆಗೆ ನಾಲ್ಕು ಸೈಜುಗಲ್ಲು ಇಟ್ಟೆ. ಕಲ್ಲು ಕಂಡರೆ ಸೈಕಲ್ ಇಳಿದು ತಳ್ಳಿಕೊಂಡು ಹೋಗುತ್ತಾರೆ ಅಂತ ಕಲ್ಲಿನ ಮೇಲೂ ಗಿಡ ಮುಚ್ಚಿದೆ. ಮುಚ್ಚಿದೆ. ಎರಡು ಸಲ ಬರೆದಿದ್ದೇನೆ, ಇರಲಿ.

ಬಂದರು. ಬೇರೆ ಜಾಗ ಇಲ್ಲದೆ ನಡುವೆಯೇ ಹತ್ತಿಸಿದರು. ಚಟಚಟ ಅಂತ ಕಾಯಿ ಒಡೆಯಿತು. ನನಗೆ ಖುಷಿಯಾಯಿತು, ಅದನ್ನೂ ಬರೆಯಬೇಕು. ನಯನ ಮಾತ್ರ ಆದಷ್ಟೂ ಅಂಚಿಗೆ ಸರಿದು ಬಂದಳು. ಕಾಳು ತುಳಿಯಬಾರದು ಅಂತ. ಮೂರನೇ ಕಲ್ಲಿಗೆ ಮುಂದಿನ ಚಕ್ರ ಬಡಿಯಿತು. ಒಣ ನಾಲೆಯ ಕಾಂಕ್ರೀಟಿಗೆ ಬಿದ್ದಳು. ತೆಂಗಿನಕಾಯಿ ಮೂಟೆ ಇಳಿಸಿದ ಹಾಗೆ ಸದ್ದು.

ಮುಂದೆ ಹೋದವರೆಲ್ಲ ತಿರುಗಿ ಬಂದು ನಾಲೆಗಿಳಿದರು. ಎಲ್ಲರ ಬೆನ್ನೂ ನನ್ನ ಕಡೆ. ಆಗ ನಾನು ಮಾಡಿದ್ದು ಇದು — ಬೇವಿನ ಕಡ್ಡಿ ಎತ್ತಿ ಹತ್ತು ಹೆಜ್ಜೆ ಈಚೆಗೆ ತಂದು ಇಟ್ಟೆ. ನಾಲ್ಕು ಕಲ್ಲೂ ಪುಟ್ಟಬಸಮ್ಮನ ಪಾಲಿಗೆ ಹೋದವು. ಅವಳು ಸೋಸಲೆಗೆ, ಮಗಳ ಮನೆಗೆ ಹೋಗಿದ್ದಳು.

ಶಿವಸ್ವಾಮಿ ಓಡಿ ಬಂದು ಇದು ಯಾರ ಹುರುಳಿ ಅಂದ. ಕಡ್ಡಿ ತೋರಿಸಿದೆ. ಬಾಯಿ ಬಿಟ್ಟು ಒಂದು ಮಾತೂ ಆಡಲಿಲ್ಲ. ಅದೇ ನನ್ನ ಜಾಣತನ.

ಹೆಗಲ ಮೂಳೆ ಮುರಿದಿದೆಯಂತೆ. ಎಡಗೈ ಮಣಿಕಟ್ಟೂ. ಮೈಸೂರಿಗೆ ಕರೆದುಕೊಂಡು ಹೋದರು.

ಜನವರಿ 24, ಶುಕ್ರವಾರ

ಡೈರಿಗೆ ಹಾಲು ಹಾಕಲು ಹೋದೆ. ಅಷ್ಟು ಜನರ ಮುಂದೆ ಶಿವಸ್ವಾಮಿ ಪುಟ್ಟಬಸಮ್ಮನನ್ನು ನಿಲ್ಲಿಸಿಕೊಂಡಿದ್ದ.

"ಕಲ್ಲು ಮಡಗಿ ಜನ ಸಾಯಿಸ್ತೀಯಾ? ಇನ್ಮ್ಯಾಕೆ ಏರಿ ಮ್ಯಾಲೆ ನೀನು ಒಂದು ಗಿಡ ಆಕಂಗಿಲ್ಲ."

"ಗಾಳಿಗೆ ಗಿಡ ಆರೋಯ್ತದೆ ಅಂತ ಓದ್ ವಾರ ಎಲ್ಡು ಕಲ್ಲು ಮಡಗಿದ್ದೆ ಕಣಪ್ಪ" ಅಂದಳು ಅವಳು. "ತಗ್ದೆ ಅಂದ್ಕಂಡಿದ್ದೆ. ಮರ್ತಿದ್ರೂ ಮರ್ತಿರಬೋದು."

ಮಾಡದ ತಪ್ಪಿಗೆ ತನ್ನ ಮರೆವನ್ನು ಸಾಕ್ಷಿಗೆ ಕೊಟ್ಟಳು. ಹಿಂದಿನಿಂದ ಯಾರೋ ಕಲ್ಲುಬಸಮ್ಮ ಅಂದರು. ನಕ್ಕರು. ಊರಲ್ಲಿ ಎಲ್ಲರ ಬಾಯಿಗೂ ಕೀಲಿ ಹಾಕುವವಳು ನಾನು. ಕ್ಯಾನು ಹಿಡಿದುಕೊಂಡು ಚಪ್ಪಲಿ ನೋಡುತ್ತಾ ನಿಂತಿದ್ದೆ.

ಜನವರಿ 26, ಭಾನುವಾರ

ಸೈಕಲ್ ಬರಲಿಲ್ಲ.

ಜನವರಿ 27, ಸೋಮವಾರ

ಪುಟ್ಟಬಸಮ್ಮ ನಂಜುಂಡೇಶ್ವರನಿಗೆ ಹರಕೆ ಹೊತ್ತಿದ್ದಳು. ಜೊತೆಗೆ ಬಾ ಅಕ್ಕ ಅಂದಳು. ತಪ್ಪಿಸಿಕೊಳ್ಳಲು ಒಂದು ಸುಳ್ಳೂ ಸಿಗಲಿಲ್ಲ, ಇದ್ದದ್ದೆಲ್ಲ ಖರ್ಚಾಗಿತ್ತು. ಬಸ್ಸಿನಲ್ಲಿ ಇಬ್ಬರೂ ಆಧಾರ್ ತೋರಿಸಿ ಕೂತೆವು. ಕಿಟಕಿಯಿಂದ ನಾಲೆ ಏರಿ ಕಾಣುತ್ತಿತ್ತು, ಖಾಲಿ. ಅವಳು ಆ ಕಡೆ ನೋಡಿದಳು, ನಾನು ಕಂಡಕ್ಟರನ್ನು ನೋಡಿದೆ.

ಕಪಿಲೆಯಲ್ಲಿ ಮುಳುಗಿ ಎದ್ದು ಮುಡಿ ಕೊಡಲು ಕೂತಳು. ಗಂಡ ಸತ್ತಾಗಲೂ ಕೊಟ್ಟಿರದ ಕೂದಲು. ಬೋಳಿಸುವವನು ಏನಮ್ಮ ಹರಕೆ ಅಂದ.

"ಒಂದು ಎಣ್ಮಗಳು ಬಿದ್ದು ಮೂಳೆ ಮುರ್ಕಂಡವಳೆ. ಕೂಡ್ಕಳ್ಳಿ ಅಂತ."

ಅವಳ ಬಾಚಣಿಗೆ ನನ್ನ ಮಡಿಲಲ್ಲಿತ್ತು. ಹೇಳಬೇಕು ಅಂತ ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಬಿಸಿಲು ಜಾಸ್ತಿ ಅಂದೆ. ಬರುವಾಗ ಬಾಚಣಿಗೆ ವಾಪಸು ಕೊಡಲು ಹೋದರೆ ನನಗಿನ್ನು ಯಾಕೆ, ನೀನೇ ಇಟ್ಟುಕೊ ಅಂದಳು. ಬೋಳು ತಲೆ ಚಿಕ್ಕ ಮಗುವಿನದರ ಹಾಗೆ ಇತ್ತು. ಕಿವಿ ದೊಡ್ಡವು ಕಂಡವು.

ಜನವರಿ 31, ಶುಕ್ರವಾರ

ಬಂದಳು. ಪುಟ್ಟಬಸಮ್ಮನ ಮೊರದ ತುಂಬ ಕಾಳು. ಕಪ್ಪು.

"ತಕ್ಕೊ ಕೆಂಪಕ್ಕ. ನಿನ್ ಕರಿ ಉಳ್ಳಿ ನನ್ ರಾಶಿ ಒಳಗೆ ಬಂದ್ಬುಟ್ಟದೆ. ಅತ್ತು ಎಜ್ಜೆದಷ್ಟು."

ಕಾಳು ಮುಟ್ಟಿ ನೋಡಿದೆ. ಯಾವಾಗ ತೂರಿದೆ ಅಂತ ಕೇಳಿದೆ. ಹೋದ ಶನಿವಾರ ಅಂದಳು.

ಶನಿವಾರ. ಸೋಮವಾರಕ್ಕೆ ಎರಡು ದಿನ ಮುಂಚೆ. ಬಸ್ಸು ಹತ್ತುವಾಗ ಗೊತ್ತಿತ್ತು. ನದಿಯಲ್ಲಿ ಮುಳುಗುವಾಗ ಗೊತ್ತಿತ್ತು. ಮತ್ತೆ ಯಾಕೆ ತಲೆ ಕೊಟ್ಟೆ ಅಂದೆ.

"ಅರಕೆ ದ್ಯಾವ್ರಿಗೆ ಏಳಿದ್ದು. ನಿಂಗಲ್ಲ." ಸೆರಗು ತಲೆ ಮೇಲೆ ಎಳೆದುಕೊಂಡಳು. "ನೀನೇ ಬಾಯ್ಬುಟ್ಟು ಏಳ್ತೀಯ ಅಂತ ಕಾದೆ ಕಣಕ್ಕ. ಬಸ್ನಲ್ಲಿ ಕಾದೆ. ಒಳೆತಾವ ಕಾದೆ. ಬಿಸ್ಲು ಅಂದೆ ನೀನು."

ಕಾಳು ನೀನೇ ಇಟ್ಟುಕೊ ಅಂದೆ. ಏನು ಮಾತು ಅದು, ಆದರೂ ಅಂದೆ.

"ನಮ್ ಒಲೇಲಿ ಬೇಯಕ್ಕಿಲ್ಲ ಅದು."

ಮೊರ ಅಲ್ಲೇ ಬಿಟ್ಟು ಹೋದಳು. ಬೇವಿನ ಕಡ್ಡಿ ಕಾಳಿನ ಮೇಲೆ ಇತ್ತು.

ಫೆಬ್ರವರಿ 2, ಭಾನುವಾರ

ಹೇಳಿಬಿಡಬೇಕು ಅಂತಲೇ ಡೈರಿಗೆ ಹೋದೆ. ಎಲ್ಲರೂ ಇದ್ದರು. ಹಾಲು ಅಳೆಸಿಕೊಂಡು ಬಂದೆ.

ಕವನಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ನನಗೆ ಗೊತ್ತಿತ್ತು ಅಜ್ಜಿ ಅಂದಳು. ಅಕ್ಕಿ ಡಬ್ಬದ ಕಡೆ ನೋಡಿದಳು. ನಾನು ಬೈಯಲಿಲ್ಲ. ಬೈಯುವ ಹಕ್ಕು ಎಲ್ಲಿದೆ.

ಶಿವಸ್ವಾಮಿಯ ಹತ್ತಿರ ನಯನಳ ಕಡೆಯವರ ನಂಬರ್ ಇತ್ತು. ಅದರಿಂದ ಕವನ ವಿಳಾಸ ತರಿಸಿದ್ದಾಳೆ. ಮೆಸೇಜ್ ಹಾಕುತ್ತೇನೆ ಅಂದಳು. ಬೇಡ. ನನ್ನ ಕೈ ಬರಹವೇ ಹೋಗಬೇಕು.

ಫೆಬ್ರವರಿ 9, ಭಾನುವಾರ, ಬೆಳಗ್ಗೆ ಏಳು

ಏರಿ ಮೇಲೆ ಹೋಗಿ ಬಂದೆ. ಯಾರೂ ಇಲ್ಲ. ಜಲ್ಲಿ ಸಂದಿನಲ್ಲಿ ಉದುರಿದ ಹುರುಳಿ, ಇಬ್ಬನಿಗೆ ಮೊಳಕೆ ಬಂದಿದೆ.

ಕಾಗದ ಮೊದಲು ಇಲ್ಲಿ ಬರೆದು ನೋಡುತ್ತೇನೆ.

ನಯನವ್ವ, ಮಜ್ಜಿಗೆ ಕೊಟ್ಟ ಅಜ್ಜಿ ನಾನು, ಕೆಂಪಾಜಮ್ಮ. ಕಲ್ಲು ಇಟ್ಟವಳೂ ನಾನೇ. ಮುಚ್ಚಿದವಳೂ ನಾನೇ. ಪುಟ್ಟಬಸಮ್ಮ ಅಂತ ನಿನಗೆ ಹೇಳಿದ್ದಾರಲ್ಲ, ಅವಳು ಅಂದು ಊರಲ್ಲೇ ಇರಲಿಲ್ಲ. ನಿನ್ನ ಮೂಳೆ ಕೂಡಲಿ ಅಂತ ಅವಳು ಮುಡಿ ಕೊಟ್ಟು ಬಂದಿದ್ದಾಳೆ. ನಾನು ಬಾಚಣಿಗೆ ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದೆ.

ಕ್ಷಮಿಸು ಅಂತ ಕೇಳುವುದಿಲ್ಲ. ಒಂದು ಕೆಲಸ ಮಾಡು. ನನ್ನನ್ನು ಬೈದು ಕಾಗದ ಬರಿ. ಹೆಸರು ಹಾಕಿ ಬೈ. ಮಕ್ಕಳಿಗೆ ಪಾಠ ಹೇಳುವವಳು, ಬೈಯಲು ಬರುತ್ತೆ ನಿನಗೆ. ಡೈರಿಯಲ್ಲಿ ಜನ ಸೇರಿದಾಗ ಕವನ ಗಟ್ಟಿಯಾಗಿ ಓದುತ್ತಾಳೆ. ನಾನು ಅಲ್ಲೇ ಎದುರಿಗೆ ನಿಂತಿರುತ್ತೇನೆ. ಊರಿಗೆಲ್ಲ ದೊಡ್ಡ ಬಾಯಿ ನನ್ನದು, ಈ ಒಂದು ಮಾತಿಗೆ ಮಾತ್ರ ತೆರೆಯುತ್ತಿಲ್ಲ, ಅದಕ್ಕೆ ನಿನ್ನದನ್ನು ಕೇಳುತ್ತಿದ್ದೇನೆ. ತಡ ಮಾಡಿದರೆ ಅವಳ ಕೂದಲು ಬೆಳೆದುಬಿಡುತ್ತೆ, ಊರು ಮರೆತುಬಿಡುತ್ತೆ, ನಾನೂ ಮರೆತವಳ ಹಾಗೆ ಇದ್ದುಬಿಡುತ್ತೇನೆ. ನನ್ನನ್ನು ನಾನು ಬಲ್ಲೆ.

ಮುರಿದದ್ದು ಎಡಗೈ ಅಂದರು. ಬಲಗೈ ಇದೆಯಲ್ಲ, ನೆಪ ಹೇಳಬೇಡ. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರಿ —