ಸತ್ತ ಕುದುರೆಯ ಮೇಲಿನ ಕೌಬಾಯ್

ಆಗಸ್ಟ್ 19, ಮಂಗಳವಾರ

ಯಾಕಾದರೂ ಹಾಗಂದೆನೋ. ನಮ್ಮ ಕಾಮಿಕ್‌ನ ಹೊಸ ಪುಟವನ್ನು ತಂಗಿ ಕಳಿಸಿದ್ದಳು: ಸತ್ತ ಕುದುರೆಯ ಮೇಲೆ ಕೌಬಾಯ್, ಅವನ ನೆತ್ತಿಯ ಮೇಲೆ ಹಾರುವ ತಟ್ಟೆ. ನಾನು ಹಾಸ್ಟೆಲ್ ಸೇರಿದಾಗಿನಿಂದ ಇದೇ ರೂಲ್. ಒಬ್ಬರು ಅವನನ್ನು ಅಪಾಯಕ್ಕೆ ಸಿಕ್ಕಿಸಿ ಪೋಸ್ಟ್ ಮಾಡಬೇಕು, ಇನ್ನೊಬ್ಬರು ಪಾರು ಮಾಡಬೇಕು.

ರೂಮ್‌ಮೇಟ್ ಪುಟ ಕಿತ್ತುಕೊಂಡು ನಕ್ಕ. "ಹೆಣದ ಕುದುರೆಗೆ ಲಗಾಮು ಬೇರೆ! ಯಾರಪ್ಪಾ ಈ ಮಹಾನ್ ತಲೆ?"

"ನನ್ನ ತಂಗೀದು. ಚಿಕ್ಕ ಹುಡುಗಿ, ಬಿಡೋ," ಅಂದುಬಿಟ್ಟೆ.

ಹಿಂದಿನ ಪುಟದಲ್ಲಿ ಆ ಕುದುರೆಯನ್ನು ಸಾಯಿಸಿ, ದೆವ್ವ ಮಾಡಿ ಎಬ್ಬಿಸಿದ್ದೇ ನಾನು. ಅವಳು ಹೆದರಿ ಮೂರು ದಿನ ಲೈಟ್ ಆರಿಸದೆ ಮಲಗಿದ್ದಳು. ಆದರೂ ಅದಕ್ಕೆ ಲಗಾಮು ಬರೆದು ಕಳಿಸಿದ್ದಳು.

ಸಂಜೆ ಫೋನ್ ಮಾಡಿದಳು. "ಅಣ್ಣಾ, ಈ ಸಲ ಹೇಗೆ ಬಚಾವ್ ಮಾಡ್ತೀಯೋ ನೋಡ್ತೀನಿ!"

ನಾಳೆನೇ ಪೋಸ್ಟ್ ಮಾಡ್ತೀನಿ ಅಂದು ಫೋನ್ ಇಟ್ಟೆ. ಈಗ ಪೆನ್ಸಿಲ್ ಚೂಪು ಮಾಡಿಟ್ಟುಕೊಂಡು ಕೂತಿದ್ದೇನೆ. ರೂಮ್‌ಮೇಟ್ ಇನ್ನೂ ಎದ್ದಿದ್ದಾನೆ. ಅವನು ಮಲಗಲಿ ಅಂತ ಕಾಯುತ್ತಿದ್ದೇನೆ.