ಕೆಮ್ಮು ಮುಗಿಸಿ ಬರುವುದು

ಅಕ್ಕಾ,

ಓಡುವಾಗ ಬಾರದ ಕೆಮ್ಮು ಓಟ ನಿಂತ ಮೇಲೆ ಯಾಕೆ ಬರುತ್ತದೆ? ಹೋದ ತಿಂಗಳು ಒಬ್ಬ ಡಾಕ್ಟರು ಹೆಚ್ಚುಕಡಿಮೆ ಇದನ್ನೇ ಕೇಳಿದಳು. ಕೇಳಿದ್ದು ನನ್ನ ಮಗಳು ಗೌರಿಯನ್ನು. ಆದರೆ ಅದಕ್ಕೆ ಉತ್ತರ ಕೊಡಬೇಕಾದವಳು ನೀನು ಅಂತ ನನಗನ್ನಿಸಿತು. ನೀನು ಹೋದ ಮೇಲೆ ನಿನಗೆ ಬರೆಯುವಂಥದ್ದು ನಮ್ಮಲ್ಲಿ ಏನೂ ನಡೆದಿರಲಿಲ್ಲ. ನಾಗಪುರಕ್ಕೆ ಮೆಟ್ರೋ ಬಂತು, ನಾವು ಮನೀಶ್ ನಗರದ ಫ್ಲ್ಯಾಟಿಗೆ ಬಂದೆವು, ಅವ್ವನ ಕಿವಿ ಸ್ವಲ್ಪ ಮಂದವಾಯಿತು. ಇವನ್ನೆಲ್ಲ ನೀನು ಊಹಿಸಿಕೊಳ್ಳಬಲ್ಲೆ. ಇದನ್ನು ಮಾತ್ರ ಊಹಿಸಿರಲಾರೆ ಅಂದುಕೊಂಡು ಬರೆಯತೊಡಗಿದೆ. ಈಗ ಅದರ ಬಗ್ಗೆಯೂ ಅನುಮಾನ.

ನಮ್ಮ ಶಾಲೆಯ ಮೈದಾನದ ಹಿಂದೆ ಒಂದು ಗೋಡೆಯಿತ್ತು, ನೆನಪಿದೆಯಾ? ಡಿಸೆಂಬರಿನ ಬೆಳಗು, ಮೂಗು ಉರಿಯುವಂಥ ಒಣ ಚಳಿ. ಓಟದ ಪಂದ್ಯ ಶುರುವಾಗುವುದಕ್ಕೆ ಸ್ವಲ್ಪ ಮೊದಲು ನೀನು ಚಪ್ಪಲಿ ಬಿಚ್ಚಿ ನನ್ನ ಕೈಗೆ ಕೊಟ್ಟು ಗೋಡೆಯ ಹಿಂದಿನ ಓಣಿಯಲ್ಲಿ ಒಬ್ಬಳೇ ಓಡುತ್ತಿದ್ದೆ. ಯಾರೋ ಅಟ್ಟಿಸಿಕೊಂಡು ಬರುತ್ತಿರುವ ಹಾಗೆ. ಆಮೇಲೆ ನಿಲ್ಲುತ್ತಿದ್ದೆ. ನಿಂತು ಸ್ವಲ್ಪ ಹೊತ್ತಾದ ಮೇಲೆ ಶುರು. ಮೊಣಕಾಲ ಮೇಲೆ ಕೈಯೂರಿ ಕೆಮ್ಮುತ್ತಿದ್ದೆ, ಉಸಿರಿನಲ್ಲಿ ಸಣ್ಣಗೆ ಸೀಟಿ ಕೇಳುತ್ತಿತ್ತು. ಮೊದಮೊದಲು ನನಗೆ ಅಳು ಬರುತ್ತಿತ್ತು. ಆಮೇಲೆ ರೂಢಿಯಾಯಿತು. ನೀನು ಮುಖ ಒರೆಸಿಕೊಂಡು, "ಮುಗೀತು, ನಡಿ" ಅನ್ನುತ್ತಿದ್ದೆ. ಮೈದಾನದಲ್ಲಿ ಗೆಳತಿಯರು ಎಲ್ಲಿ ಹೋಗಿದ್ದೆ ಅಂತ ಕೇಳಿದರೆ ಮರಾಠಿಯಲ್ಲಿ, "ಖೋಕಲಾ ಸಂಪವೂನ್ ಆಲೆ" ಅನ್ನುತ್ತಿದ್ದೆ. ಕೆಮ್ಮು ಮುಗಿಸಿ ಬಂದೆ. ಅವರು ಅದನ್ನು ತಮಾಷೆ ಅಂದುಕೊಂಡು ನಗುತ್ತಿದ್ದರು. ಆಮೇಲಿನ ಓಟದಲ್ಲಿ ನೀನು ಕೆಮ್ಮುತ್ತಿರಲಿಲ್ಲ. ಇದನ್ನು ಹೇಗೆ ಕಂಡುಕೊಂಡೆ ಅಂತ ನಾನು ಕೇಳಲೇ ಇಲ್ಲ. ಅಕ್ಕಂದಿರಿಗೆ ಇಂಥವೆಲ್ಲ ಗೊತ್ತಿರುತ್ತವೆ ಅಂತ...

ಕಿತ್ತಳೆಯ ಸಂಜೆ ನಿನಗೂ ನೆನಪಿರಬೇಕು. ಪ್ರ್ಯಾಕ್ಟೀಸು ಮುಗಿಸಿ ಇಬ್ಬರೂ ಓಡುತ್ತಲೇ ಮನೆಗೆ ಬಂದಿದ್ದೆವು. ಅಪ್ಪನ ಸರ್ಕಾರಿ ಕ್ವಾರ್ಟರ್ಸಿನ ಬಾಗಿಲಲ್ಲಿ ನಿನಗೆ ಕೆಮ್ಮು ಹತ್ತಿಕೊಂಡಿತು. ಅವ್ವ ಒಳಗಿನಿಂದ ಬಂದಳು.

"ಯಾಕವಾ, ಏನ್ ತಿಂದು ಬಂದಿ?"

ನೀನು ನನ್ನ ಕಡೆ ನೋಡಿದೆ. "ಸಂತ್ರಾ ತಿಂದೆ ಅವ್ವಾ."

"ಎಷ್ಟು?"

"ನಾಕು."

"ನಾಕಾ! ಹೊಟ್ಟಿ ಐತೋ ಚೀಲ ಐತೋ ಅದು?"

ನೀನು ಒಂದನ್ನೂ ತಿಂದಿರಲಿಲ್ಲ. ಪ್ರ್ಯಾಕ್ಟೀಸಿನಲ್ಲಿ ಕೊಟ್ಟದ್ದನ್ನು ದಾರಿಯಲ್ಲಿ ನಿನ್ನ ಪಾಲಿನದೂ ಸೇರಿಸಿ ನಾನು ತಿಂದಿದ್ದೆ. ಅವತ್ತಿನಿಂದ ನಿನಗೆ ಕಿತ್ತಳೆ ಬಂದ್. ಊರಿಗೆ ಊರೇ ಕಿತ್ತಳೆ ತಿನ್ನುವ ಕಾಲದಲ್ಲಿ ನೀನು ಬಾಳೆಹಣ್ಣು ಸುಲಿದುಕೊಂಡು ಕೂರುತ್ತಿದ್ದೆ. ಮನೆಗೆ ಬಂದವರು ಒಂದು ಎಸಳು ಕೊಡಹೋದರೆ ಅವ್ವ ಅಡ್ಡ ಬರುತ್ತಿದ್ದಳು: "ಆಕಿಗೆ ಸಂತ್ರಾ ಆಗಂಗಿಲ್ರಿ, ಎದಿಗೆ ಹತ್ತತೈತಿ." ನಿನಗೆ ಎಲ್ಲಕ್ಕಿಂತ ಇಷ್ಟದ ಹಣ್ಣು ಅದು. ಸುಳ್ಳು ಹೇಳಲೇಬೇಕಿದ್ದರೆ ಬೇರೆ ಯಾವುದಾದರೂ ಹಣ್ಣಿನ ಹೆಸರು ಹೇಳಬಹುದಿತ್ತಲ್ಲ ಅಂತ ನನಗೆ ಅನ್ನಿಸಿತ್ತು, ಅಷ್ಟೇ.

ಆ ಆಯ್ಕೆಯ ಓಟದ ದಿನ ಅವ್ವ, ಅಪ್ಪ ಮೊದಲ ಸಲ ಮೈದಾನಕ್ಕೆ ಬಂದಿದ್ದರು. ಗೆದ್ದವರು ಜಿಲ್ಲೆಯ ಪಂದ್ಯಕ್ಕೆ. ನೀನು ಎಂದಿನಂತೆ ಗೋಡೆಯ ಹಿಂದೆ ಹೋಗಿ ಮುಗಿಸಿ ಬಂದೆ. ಆದರೆ ಮುಖ್ಯ ಅತಿಥಿ ತಡವಾಗಿ ಬಂದ. ಬಂದವನು ಸಮಯಪಾಲನೆಯ ಮೇಲೆ ಭಾಷಣ ಮಾಡಿದ. ಭಾಷಣ ಬೆಳೆದಂತೆ ನೀನು ಗೋಡೆಯ ಕಡೆಗೊಮ್ಮೆ, ಅವನ ಕಡೆಗೊಮ್ಮೆ ನೋಡುತ್ತಿದ್ದೆ. ನಿನ್ನ ಲೆಕ್ಕ ತಪ್ಪುತ್ತಿದೆ ಅಂತ ಆ ಇಡೀ ಮೈದಾನದಲ್ಲಿ ತಿಳಿದಿದ್ದವನು ನಾನೊಬ್ಬನೇ. ಓಡಿದೆ, ಗೆದ್ದೆ. ಓಡಿದವರಿಗೆಲ್ಲ ಒಂದೊಂದು ಕಿತ್ತಳೆ ಕೊಟ್ಟರು. ಅದನ್ನು ಕೈಯಲ್ಲಿ ಹಿಡಿದು ಕೆಮ್ಮುತ್ತ ನೆಲಕ್ಕೆ ಕೂತವಳು ಏಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮೈದಾನವನ್ನೇ ಅಡ್ಡ ಹಾಯ್ದು ಬಂದ ಅವ್ವ ಮೊದಲು ಕಿತ್ತುಕೊಂಡದ್ದು ಆ ಹಣ್ಣನ್ನು. ಸಿಪ್ಪೆ ಕೂಡ ಬಿಚ್ಚಿರಲಿಲ್ಲ. ಸೈಕಲ್ ರಿಕ್ಷಾದಲ್ಲಿ ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಲೇ ಇದ್ದಳು. ಆಮೇಲೆ, "ತಿನ್ನಲಾರದನೂ ಬಂತಂದ್ರ ಸಂತ್ರಾ ಬಿಡಿಸಿದ್ದು ಸಾಲಂಗಿಲ್ಲ. ಓಡೂದೂ ಸಾಕು" ಅಂದಳು. ಸಂತ್ರಾ ತಿಂದದ್ದೇ ಸುಳ್ಳು ಅಂತ ನೀನು ಆಗಲೂ ಹೇಳಲಿಲ್ಲ.

ಈ ಚಳಿಗಾಲದಲ್ಲಿ ಗೌರಿಯನ್ನು ಶಾಲೆಯ ಖೋ-ಖೋ ತಂಡಕ್ಕೆ ತೆಗೆದುಕೊಂಡರು. ನೀನು ಕೊನೆಯ ಸಲ ಕಂಡಾಗ ಅವಳಿಗೆ ಹಲ್ಲು ಬೀಳುತ್ತಿದ್ದವು. ಈಗ ನನ್ನ ಭುಜಕ್ಕೆ ಬಂದಿದ್ದಾಳೆ. ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಅವಳ ಕೋಚು, ಹುಡುಗಿ ಚುರುಕಾಗಿದ್ದಾಳೆ, ಆದರೆ ದಮ್ಮಿಲ್ಲ ಅಂದಿದ್ದ. ಒಂದು ಸಂಜೆ ಆಟ ಮುಗಿಸಿ ಬಂದವಳು ಶೂ ಬಿಚ್ಚುತ್ತ ಕೆಮ್ಮತೊಡಗಿದಳು. ಅವ್ವನಿಗೆ ಬಾಗಿಲ ಬೆಲ್ಲು ಕೇಳಿಸುವುದಿಲ್ಲ, ಈ ಕೆಮ್ಮು ಕೇಳಿಸಿತು. ಕುರ್ಚಿಯಿಂದಲೇ, "ಏನ್ ತಿಂದು ಬಂದಿ?" ಅಂದಳು. ಅದೇ ಮಾತು.

"ಬೋರೆಹಣ್ಣು ತಿಂದೆ, ಆಜಿ." ಹಾಗೆ ಹೇಳುತ್ತ ಗೌರಿ ನನ್ನ ಕಡೆ ನೋಡಿದಳು.

ಆ ನೋಟ ನನಗೆ ಗೊತ್ತಿತ್ತು, ಅಕ್ಕಾ. ಆಮೇಲೆ ಬಾಲ್ಕನಿಗೆ ಕರೆದು ಕೇಳಿದೆ, ಖರೇನ ತಿಂದಿದ್ದೇನು ಅಂತ.

"ನಾಹೀ ಬಾಬಾ. ಆದ್ರ ಹಂಗ ಹೇಳಲಿಲ್ಲಂದ್ರ ಆಜಿ ಖೋ-ಖೋ ಬಂದ್ ಮಾಡಸ್ತಾಳ. ಬೋರೆಹಣ್ಣು ಬಂದ್ ಮಾಡಿದ್ರ ಚಾಲತೇ."

ಚಾಲತೇ. ನಡೆಯುತ್ತದೆ. ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಮುಂದೆ ಒಡ್ಡುವುದು. ಅದಕ್ಕೇ ನೀನು ಕಿತ್ತಳೆಯ ಹೆಸರು ಹೇಳಿದ್ದಾ? ಅಷ್ಟೊಂದು ಇಷ್ಟದ್ದನ್ನು ಬಿಟ್ಟುಕೊಟ್ಟರೆ ಓಟವನ್ನು ಯಾರೂ ಕೇಳಲಾರರು ಅಂತ? ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲು ತಲೆಕೂದಲು ಬೆಳ್ಳಗಾಗಬೇಕಾಯಿತು. ಅವ್ವ ಆ ಹೊತ್ತಿಗೆ ತೀರ್ಮಾನಿಸಿಯಾಗಿತ್ತು. "ಹಿಂದ ಒಬ್ಬಾಕಿಗೆ ಹಿಂಗ ಆಗಿತ್ತು. ಜಲ್ದಿ ಬಿಡಸ್ರಿ ಆ ಆಟ" ಅಂತ ನನಗೂ ನನ್ನ ಹೆಂಡತಿಗೂ ದಿನವೂ ಹೇಳುತ್ತಿದ್ದಳು. ಎರಡು ವಾರದಲ್ಲಿ ಪಂದ್ಯವಿತ್ತು.

ಡಾಕ್ಟರು ಮೈಸೂರಿನ ಕಡೆಯ ಹುಡುಗಿ. ನಾನು ಫೋನಿನಲ್ಲಿ ಅವ್ವನ ಜೊತೆ ಕೂಗಿ ಮಾತಾಡುತ್ತಿದ್ದುದನ್ನು ಕೇಳಿ ಕನ್ನಡಕ್ಕೆ ಬಂದಳು. "ಏನಮ್ಮಾ, ಓಡೋವಾಗ ಅಷ್ಟೇನಿಲ್ಲ, ನಿಂತ್ಮೇಲೆ ಶುರುವಾಗತ್ತೆ, ಅಲ್ವಾ?"

"ಬರೋಬರ್!" ಅಂದಳು ಗೌರಿ, ತನ್ನ ಗುಟ್ಟು ಇವಳಿಗೆ ಹೇಗೆ ಗೊತ್ತಾಯಿತು ಎಂಬಂತೆ.

ಅವಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿದರು. ಓಡುವ ಮೊದಲು ಒಂದು ಕೊಳವೆಗೆ ಊದಿಸಿದರು, ಓಡಿ ನಿಂತ ಮೇಲೆ ಬಿಟ್ಟು ಬಿಟ್ಟು ಊದಿಸಿದರು. ಪರದೆಯ ಮೇಲೆ ಒಂದೊಂದು ಸಲ ಊದಿದಾಗಲೂ ಒಂದೊಂದು ಗೆರೆ ಏಳುತ್ತಿತ್ತು. ಓಟ ಮುಗಿದಾಗ ಎತ್ತರವಾಗಿದ್ದ ಗೆರೆ, ಹುಡುಗಿ ಸುಮ್ಮನೆ ಕುರ್ಚಿಯಲ್ಲಿ ಕೂತಿರುವಾಗ, ಒಂದಕ್ಕಿಂತ ಒಂದು ಕುಗ್ಗುತ್ತ ಹೋಯಿತು. ಗಾಬರಿಯಾಗಬೇಕಿತ್ತು. ನನಗೆ ಕುತೂಹಲವೇ ಹೆಚ್ಚಾಗಿತ್ತು ಅಂದರೆ ನೀನು ನಂಬುತ್ತೀಯ. ಗೋಡೆಯ ಹಿಂದೆ ನಿಂತು ನಾನು ನೋಡುತ್ತಿದ್ದುದರ ಒಳಗಿನ ಚಿತ್ರ ಅದು. ಜೋರಾಗಿ ಓಡುವಾಗ ಬಾಯಿಂದ ಉಸಿರೆಳೆಯುತ್ತೇವಂತೆ. ತಣ್ಣನೆಯ ಒಣ ಗಾಳಿ ನೇರವಾಗಿ ಒಳಗಿಳಿದು ಶ್ವಾಸನಾಳಗಳ ಪಸೆ ಆರಿಸುತ್ತದಂತೆ. ಕೆಲವರಲ್ಲಿ ನಾಳಗಳು ಅದಕ್ಕೆ ಬಿಗಿದುಕೊಳ್ಳುತ್ತವೆ, ಹೆಚ್ಚಾಗಿ ಓಟ ನಿಂತ ಮೇಲೆಯೇ. ಒಂಥರಾ ಅಸ್ತಮಾ.

ನಿನ್ನ ಗೋಡೆಯ ವಿಷಯ, ಗೆಳತಿಯರಿಗೆ ನೀನು ಹೇಳುತ್ತಿದ್ದ ಮಾತು, ಎಲ್ಲ ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು.

"ಅವರಿಗೆ ಯಾರು ಹೇಳಿಕೊಟ್ರು?"

"ಯಾರೂ ಇಲ್ಲ."

ಒಮ್ಮೆ ಬಿಗಿದು ಸಡಿಲಾದ ನಾಳಗಳು ಕೆಲವರಲ್ಲಿ ಸ್ವಲ್ಪ ಹೊತ್ತು ಮತ್ತೆ ಅಷ್ಟಾಗಿ ಬಿಗಿಯುವುದಿಲ್ಲವಂತೆ. "ಆದ್ರೆ ಇವಳು ಗೋಡೆ ಹಿಂದೆಲ್ಲ ಹೋಗೋದು ಬೇಡ ಸಾರ್. ಆಟಕ್ಕೆ ಮುಂಚೆ ಈ ಇನ್‌ಹೇಲರ್ ಪಂಪ್ ಎಳ್ಕೊಳ್ಲಿ, ನಿಧಾನವಾಗಿ ಓಡಿ ಮೈ ಬಿಸಿ ಮಾಡ್ಕೊಳ್ಲಿ. ಆಮೇಲೆ ಮತ್ತೆ ನೋಡ್ತೀನಿ."

"ಆಟ ಬಿಡಬೇಕೇನ್ರಿ?"

"ಯಾಕೆ ಬಿಡ್ಬೇಕು?"

ನಮ್ಮ ಮನೆಯಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. ಎದ್ದು ಬರುವಾಗ, ಹಣ್ಣು ಗಿಣ್ಣು ಅಂದೆ. "ಯಾವ ಹಣ್ಣು?" ಅಂದಳು ಅವಳು.

ಸೀತಾಬರ್ಡಿ ಪೇಟೆಯ ಒಂದು ಹಳೆಯ ಮಧ್ಯಾಹ್ನವನ್ನು ನಾನು ಅಂದೇ ಮತ್ತೆ ಬಿಚ್ಚಿ ನೋಡಿದ್ದು. ನೀನು ಬ್ಯಾಂಕು ಸೇರಿ ವರ್ಷಗಳಾಗಿದ್ದವು. ಬಟ್ಟೆ ಅಂಗಡಿಗಳ ಸಾಲಿನ ಕೊನೆಯಲ್ಲಿ, ಗಾಡಿಯ ಪಕ್ಕ ನಿಂತು, ನೀನು ಕಿತ್ತಳೆ ತಿನ್ನುತ್ತಿದ್ದೆ. ಅವಸರವಿರಲಿಲ್ಲ. ಎಸಳಿನ ಬಿಳಿ ನಾರು ಬಿಡಿಸಿ, ಬೀಜ ಕೈಗೆ ಉಗಿದು, ಮತ್ತೊಂದು ಎಸಳು. ನನ್ನನ್ನು ಕಂಡು, "ಅವ್ವಗ ಹೇಳಬ್ಯಾಡ" ಅಂದೆ. ಬಸ್ಸು ಬರುವವರೆಗೆ ನಿನ್ನ ಜೊತೆ ನಿಂತೆ. ನೀನು ಒಂದು ಸಲವೂ ಕೆಮ್ಮಲಿಲ್ಲ. ಕಿತ್ತಳೆಯದು ತಪ್ಪಲ್ಲ ಅಂತ ನಿನಗೆ ಮೊದಲಿನಿಂದಲೂ ಗೊತ್ತಿತ್ತು. ಮತ್ತೆ ಅವತ್ತು ರಿಕ್ಷಾದಲ್ಲಿ ಯಾಕೆ ಸುಮ್ಮನಿದ್ದೆ? ಕಿತ್ತಳೆಯನ್ನು ತಪ್ಪಿನಿಂದ ಪಾರುಮಾಡಿದರೆ ಸಿಕ್ಕಿಬೀಳುವುದು ಓಟ ಒಂದೇ ಅಂತಲೋ? ಅಥವಾ ಅಷ್ಟರಲ್ಲಿ ನಿನಗೂ ಹೆದರಿಕೆ... ಗೊತ್ತಿಲ್ಲ. ಆಮೇಲೆ ನೀನು ಬಸ್ಸಿನ ಹಿಂದೆ ಕೂಡ ಓಡಿದ್ದನ್ನು ನಾನು ನೋಡಲಿಲ್ಲ. ನಿನ್ನನ್ನು ಕರೆದೊಯ್ದ ಕಾಯಿಲೆ ಎದೆಯದಾಗಿರಲಿಲ್ಲ. ಅಂದರೆ ಆ ಎದೆ ಕೊನೆಯವರೆಗೂ ಸುಮ್ಮನೆ...

ನಿನ್ನ ವರ್ಷದ ದಿನ ಹೇಗೂ ಕಿತ್ತಳೆಯ ಕಾಲದಲ್ಲೇ ಬರುತ್ತದೆ. ಎಡೆಗೆ ಅಂತ ಏನೆಲ್ಲ ಇಟ್ಟರೂ ಅವ್ವ ನಿನ್ನ ಫೋಟೋದ ಮುಂದೆ ಕಿತ್ತಳೆ ಇಡಗೊಡುತ್ತಿರಲಿಲ್ಲ. ಒಮ್ಮೆ ನಾನು ಇಡಹೋದಾಗ, "ಆಕಿಗೆ ಆಗಂಗಿಲ್ಲ" ಅಂತ ತೆಗೆದಿಟ್ಟಿದ್ದಳು. ಆಸ್ಪತ್ರೆಯಿಂದ ಬಂದು ಎಲ್ಲವನ್ನೂ ಹೇಳಿದೆ, ದೊಡ್ಡ ದನಿಯಲ್ಲಿ, ಅವಳ ಕಿವಿಯ ಹತ್ತಿರ.

"ಹಂಗಾರ ಸಂತ್ರಾ?"

"ಸಂತ್ರಾದ್ದು ಏನೂ ತಪ್ಪಿರಲಿಲ್ಲವ್ವಾ. ಅಕ್ಕ ಅವತ್ತ ತಿಂದಽ ಇರಲಿಲ್ಲ."

"ನನ್ನ ಮುಂದ ಸುಳ್ಳ ಹೇಳಿದ್ಲು?"

"ಹೂಂ."

ಅವ್ವ ನಿನ್ನ ಫೋಟೋದ ಕಡೆ ತಿರುಗಿದಳು. ಆಮೇಲೆ, "ನಾಕು ಅಂದಿದ್ಲಲ್ಲೋ, ಕಳ್ಳಿ" ಅಂದು ನಕ್ಕಳು. ನಗುತ್ತಲೇ ಸೆರಗು ಕಣ್ಣಿಗೆ ಒತ್ತಿಕೊಂಡಳು. ಗೌರಿಯ ಆಟದ ಬಗ್ಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ನನ್ನೂ ಕರಕೊಂಡು ಹೋಗು" ಅಂದಳು, ಅಷ್ಟೇ.

ನಿನ್ನೆ ಪಂದ್ಯವಿತ್ತು. ಅವ್ವ ಮೈದಾನದ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಶಾಲು ಹೊದ್ದು, ಮಡಿಲಲ್ಲಿ ಸ್ಟೀಲ್ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಗೌರಿ ಪಂಪ್ ಎಳೆದುಕೊಂಡು, ನಿಧಾನವಾಗಿ ಸುತ್ತು ಹಾಕಿ ಬಂದಳು. ಯಾರೋ ಎಲ್ಲಿಗೆ ಹೋಗಿದ್ದೆ ಅಂದರು. "ಖೋಕಲಾ ಸಂಪವೂನ್ ಆಲೆ" ಅಂದಳು ನನ್ನ ಕಡೆ ಕಣ್ಣು ಹಾರಿಸುತ್ತ. ಆಡಿದಳು, ಬಾಗಿ, ಹೊರಳಿ, ಕಂಬ ಹಿಡಿದು ತಿರುಗಿ. ತಂಡ ಸೋತಿತು, ಅದು ಬೇರೆ ಮಾತು. ಆಟ ನಿಂತಿತು. ನೀನೂ ನಾನೂ ಚೆನ್ನಾಗಿ ಬಲ್ಲ ಆ ಹೊತ್ತು ಶುರುವಾಯಿತು. ಗೌರಿ ಬಂದು ಅವ್ವನ ಕಾಲ ಬಳಿ ಕೂತಳು. ಅವ್ವ ಅವಳ ಬೆನ್ನಿನ ಮೇಲೆ ಕೈಯಿಟ್ಟು ಕಾದಳು. ನಾನು ಕಾದೆ. ಮುಂದಿನ ತಂಡಗಳು ಕಣಕ್ಕೆ ಇಳಿದವು, ಸೀಟಿ ಕೇಳಿತು, ಅವರ ಆಟ ಅರ್ಧಕ್ಕೆ ಬಂತು.

"ಇನ್ನ ಬರತೈತೇನು?" ಅಂದಳು ಅವ್ವ.

"ಏನು, ಆಜಿ?"

ಅವ್ವ ಡಬ್ಬಿ ತೆರೆದಳು. ಸುಲಿದ ಕಿತ್ತಳೆ, ನಾರು ಬಿಡಿಸಿ, ಬೀಜ ತೆಗೆದು ಇಟ್ಟಿತ್ತು. ಗೌರಿ ಗಬಗಬ ತಿಂದಳು. ಅರ್ಧ ಉಳಿದಾಗ ಅವ್ವ ಡಬ್ಬಿ ಮುಚ್ಚಿಬಿಟ್ಟಳು. "ಉಳದದ್ದು ನಿಮ್ಮ ಅತ್ಯಾಗ" ಅಂದಳು.

ಅದು ಈಗ ನಿನ್ನ ಮುಂದೆ ಇದೆ.